ಮೂಸೆಯೂ ಬಣ್ಣವೂ: ಸೀರಿಯಂ ಸಲ್ಫೈಡುಗಳ ವಿಚಾರ



ಅಕ್ಕಸಾಲಿಯ ಅಂಗಡಿಯಲ್ಲಿ ಹಳೆಯ ಒಡವೆಯನ್ನು ಕರಗಿಸುವುದನ್ನು ತಾವೆಲ್ಲರೂ ಒಂದಲ್ಲ ಒಂದು ಸಲ ನೋಡಿರಬಹುದು. ಚಿನ್ನದ ಚೂರುಗಳನ್ನು ಒಂದು ಸಣ್ಣ ಮೂಸೆಯಲ್ಲಿಟ್ಟು, ಇದ್ದಲಿನ ಕೆಂಡದ ನಡುವೆ ಹುದುಗಿಸಿ, ಆತನು ಊದುಕೊಳವೆಯಿಂದ ಊದುತ್ತಾನೆ. ಸ್ವಲ್ಪ ಹೊತ್ತಿಗೆ ಚಿನ್ನವು ಕರಗಿ ನೀರಾಗಿ ಮೂಸೆಯ ತಳದಲ್ಲಿ ಒಂದು ಮಣಿಯಂತೆ ಹೊಳೆಯುತ್ತದೆ. ನೋಡುವವರ ದೃಷ್ಟಿಯೆಲ್ಲ ಆ ಚಿನ್ನದ ಮೇಲೆಯೇ ಹೊರತು, ಅದನ್ನು ಹಿಡಿದಿರುವ ಮಣ್ಣಿನ ಮೂಸೆಯ ಮೇಲೆ ಬೀಳುವುದಿಲ್ಲ. ಆದರೆ ವಿಚಾರ ಮಾಡಿ ನೋಡಿದರೆ ಆ ಮೂಸೆಯ ಗುಣವೂ ಸಾಮಾನ್ಯವಾದುದಲ್ಲ. ಅದು ಚಿನ್ನಕ್ಕಿಂತ ಮೊದಲು ಕರಗಬಾರದು. ಚಿನ್ನದಿಂದ ಏನನ್ನೂ ಹೀರಬಾರದು. ಚಿನ್ನಕ್ಕೆ ತನ್ನದೇನನ್ನೂ ಬೆರೆಸಬಾರದು. ಉರಿಯ ನಡುವೆಯೂ ನಿರ್ಲಿಪ್ತವಾಗಿರುವುದೇ ಮೂಸೆಯ ಧರ್ಮ.

ಚಿನ್ನದ ವಿಷಯದಲ್ಲಿ ಇದು ಸುಲಭ. ಅದು ೧೦೬೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಸ್ವಭಾವದಿಂದ ಸಾಧುವಾದ ಲೋಹ. ಆದರೆ ಲೋಹಗಳೆಲ್ಲವೂ ಚಿನ್ನದಂತೆ ಸಾಧುಗಳಲ್ಲ. ಕೆಲವು ಲೋಹಗಳು ಕರಗಿದೊಡನೆ, ತಮ್ಮನ್ನು ಹಿಡಿದಿರುವ ಪಾತ್ರೆಯನ್ನೇ ತಿನ್ನತೊಡಗುತ್ತವೆ. ಅಂಥ ಲೋಹವನ್ನು ಕರಗಿಸಿ, ಅಷ್ಟೂ ಶುದ್ಧವಾಗಿ ಉಳಿಸಬೇಕೆಂದರೆ ಯಾವ ಮೂಸೆಯನ್ನು ತರೋಣ? ಈ ಪ್ರಶ್ನೆಯು ೧೯೪೩ರ ಸುಮಾರಿನಲ್ಲಿ, ಲೋಕವೆಲ್ಲ ಯುದ್ಧದಲ್ಲಿ ಬೇಯುತ್ತಿದ್ದಾಗ, ಅಮೆರಿಕದ ಕೆಲವು ರಸಾಯನಶಾಸ್ತ್ರಜ್ಞರ ಮುಂದೆ ಬಂದು ನಿಂತಿತು. ಅವರು ಕೊಟ್ಟ ಉತ್ತರವೇ ಇಂದಿನ ನಮ್ಮ ವಿಷಯ. ಅದು ಸೀರಿಯಂ ಎಂಬ ಲೋಹವೂ ನಮಗೆಲ್ಲ ಪರಿಚಿತವಾದ ಗಂಧಕವೂ ಕೂಡಿ ಆದ ಸಂಯುಕ್ತವಸ್ತು. ಮೂಸೆಯಾಗಿ ಹುಟ್ಟಿದ ಈ ವಸ್ತುವಿನ ಒಡಹುಟ್ಟೊಂದು ಅರ್ಧ ಶತಮಾನದ ಮೇಲೆ ಬಣ್ಣವಾಗಿ ನಮ್ಮ ಮನೆಗಳಿಗೆ ಬರುವ ದಾರಿಯನ್ನು ಕಂಡುಕೊಂಡಿತು. ಆ ಕಥೆಯನ್ನೂ ಹೇಳೋಣ.

ಮೊದಲು ಸೀರಿಯಂ ಎಂದರೇನೆಂಬುದನ್ನು ತಿಳಿಯಬೇಕು. ಮೂಲವಸ್ತುಗಳ ಪಟ್ಟಿಯಲ್ಲಿ ಇದರ ಸ್ಥಾನ ೫೮ನೆಯದು. ವಿರಳಮೃತ್ತಿಕೆಗಳೆಂಬ ಕುಟುಂಬಕ್ಕೆ ಇದು ಸೇರಿದೆ. ಹೆಸರು ವಿರಳವಾದರೂ ವಸ್ತು ವಿರಳವಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚು ಕಡಿಮೆ ತಾಮ್ರದಷ್ಟಿದೆ, ಸೀಸಕ್ಕಿಂತ ಹೆಚ್ಚಾಗಿಯೇ ಇದೆ. ಆದರೆ ಈ ಕುಟುಂಬದವರೆಲ್ಲರೂ ಒಬ್ಬರನ್ನೊಬ್ಬರು ಬಿಟ್ಟಿರದೆ ಒಂದೇ ಅದುರಿನಲ್ಲಿ ಅಡಗಿಕೊಂಡಿರುವುದರಿಂದ ಬೇರ್ಪಡಿಸುವುದು ಕಷ್ಟ. ೧೮೦೩ರಲ್ಲಿ ಸ್ವೀಡನ್ ದೇಶದಲ್ಲಿ ಬರ್ಜೀಲಿಯಸ್ ಮತ್ತು ಹಿಸಿಂಗರ್ ಎಂಬವರೂ, ಜರ್ಮನಿಯಲ್ಲಿ ಕ್ಲಾಪ್ರೋಟ್ ಎಂಬವನೂ, ಒಬ್ಬರಿಗೊಬ್ಬರು ತಿಳಿಯದೆ ಇದರ ಭಸ್ಮವನ್ನು ಕಂಡರು. ಅದಕ್ಕೆ ಎರಡು ವರ್ಷ ಹಿಂದೆ, ೧೮೦೧ರಲ್ಲಿ, ಆಕಾಶದಲ್ಲಿ ಸೀರೀಸ್ ಎಂಬ ಕಿರಿಯ ಗ್ರಹವು ಕಂಡುಬಂದಿತ್ತು. ಆ ಹೆಸರನ್ನೇ ಇದಕ್ಕೂ ಇಟ್ಟರು. ಭಸ್ಮವು ಸಿಕ್ಕಿದರೂ ಲೋಹವು ಸಿಕ್ಕಲಿಲ್ಲ. ಬರ್ಜೀಲಿಯಸನ ಶಿಷ್ಯನಾದ ಮೊಸಾಂಡರ್ ಎಂಬವನು ೧೮೨೬ರ ಸುಮಾರಿನಲ್ಲಿ ಇದಕ್ಕೆ ಒಂದು ಉಪಾಯವನ್ನು ಹೂಡಿದನು. ಸೀರಿಯಂ ಸಲ್ಫೈಡನ್ನು ಮಾಡಿ, ಅದನ್ನು ಕ್ಲೋರಿನ್ ಅನಿಲದಲ್ಲಿ ಕಾಸಿ ಕ್ಲೋರೈಡಾಗಿ ಮಾರ್ಪಡಿಸಿ, ಅದರಿಂದ ಪೊಟ್ಯಾಸಿಯಂನ ಸಹಾಯದಿಂದ ಲೋಹದ ಪುಡಿಯನ್ನು ತೆಗೆದನು. ಎಂದರೆ, ನಮ್ಮ ಇಂದಿನ ಕಥಾನಾಯಕನಾದ ಸಲ್ಫೈಡು ಆಗಲೇ ರಂಗದ ಮೇಲೆ ಬಂದಿತ್ತು. ಆದರೆ ಬರಿಯ ದಾರಿಯ ಮೆಟ್ಟಿಲಾಗಿ ಮಾತ್ರ.

ಸೀರಿಯಂ ನಮಗೆ ಅಪರಿಚಿತವೆಂದು ತಿಳಿಯಬೇಕಾಗಿಲ್ಲ. ಮದುವೆಯ ಮೆರವಣಿಗೆಗಳಲ್ಲಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ ಗ್ಯಾಸ್ ಲೈಟನ್ನು ನೆನೆಯಿರಿ. ಅದರೊಳಗಿನ ರೇಷ್ಮೆಯಂಥ ಬಲೆ ಥೋರಿಯಂ ಭಸ್ಮದ್ದು. ಅದರಲ್ಲಿ ನೂರಕ್ಕೆ ಒಂದು ಪಾಲು ಸೀರಿಯಂ ಭಸ್ಮ. ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕು. ಸಿಗರೇಟು ಹಚ್ಚುವ ಲೈಟರಿನ ಕಿಡಿಕಲ್ಲಿನಲ್ಲಿಯೂ ಸೀರಿಯಮ್ಮೇ ಮುಖ್ಯ. ಎರಡನ್ನೂ ಲೋಕಕ್ಕೆ ಕೊಟ್ಟವನು ಆಸ್ಟ್ರಿಯದ ಔಯರ್ ಫಾನ್ ವೆಲ್ಸ್‌ಬಾಖ್. ಈ ಬಲೆಗಳಿಗಾಗಿ ಥೋರಿಯಮ್ಮನ್ನು ಹುಡುಕುತ್ತಿದ್ದ ಕಾಲದಲ್ಲಿಯೇ, ೧೯೦೯ರಲ್ಲಿ, ತಿರುವಾಂಕೂರಿನಿಂದ ಹೊರದೇಶಕ್ಕೆ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಜೈಟ್ ಎಂಬ ಅದುರನ್ನು ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು ಗುರುತಿಸಿದನೆಂದು ಪ್ರಸಿದ್ಧಿ. ಆ ಮೊನಜೈಟಿನೊಳಗಿರುವ ವಿರಳಮೃತ್ತಿಕೆಗಳಲ್ಲಿ ಅತ್ಯಧಿಕವಾದುದು ಸೀರಿಯಂ. ಸ್ವತಂತ್ರ ಭಾರತವು ೧೯೫೦ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆಯನ್ನು ಸ್ಥಾಪಿಸಿ, ೧೯೫೨ರಲ್ಲಿ ಆಲುವದಲ್ಲಿ ಕಾರ್ಖಾನೆಯನ್ನು ತೆರೆದುದು ಈ ಮರಳನ್ನು ನೆಚ್ಚಿಯೇ.

ಇನ್ನು ಗಂಧಕ. ಗಂಧಕವು ಲೋಹಗಳೊಡನೆ ಕೂಡಿ ಆಗುವ ವಸ್ತುಗಳಿಗೆ ಸಲ್ಫೈಡುಗಳೆಂದು ಹೆಸರು. ಇವೂ ನಮಗೆ ಹೊಸವಲ್ಲ. ಚಿತ್ರಗಾರರ ಕೆಂಪಾದ ಇಂಗಲೀಕವು ಪಾದರಸದ ಸಲ್ಫೈಡು. ಹಳದಿಯಾದ ಹರಿತಾಳವು ಆರ್ಸೆನಿಕ್ ಎಂಬ ಪಾಷಾಣದ ಸಲ್ಫೈಡು. ಗಂಧಕವು ಮುಟ್ಟಿದ ಕಡೆ ಬಣ್ಣ ಹುಟ್ಟುವುದು ಒಂದು ವಿಶೇಷ. ಆ ಬಣ್ಣದ ಹಿಂದೆ ಬಹುಮಟ್ಟಿಗೆ ವಿಷವಿರುವುದು ಇನ್ನೊಂದು ವಿಶೇಷ. ಈ ಎರಡನೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಸೀರಿಯಂ ಮೆತ್ತನೆಯ ಲೋಹ, ಚಾಕುವಿನಿಂದ ಕೊಯ್ಯಬಹುದು, ಸುಮಾರು ೮೦೦ ಡಿಗ್ರಿಗೆ ಕರಗುತ್ತದೆ. ಗಂಧಕವಂತೂ ೧೧೫ ಡಿಗ್ರಿಗೇ ಕರಗಿ ಹರಿಯುತ್ತದೆ. ಇಂಥ ಎರಡು ಮೃದುವಸ್ತುಗಳು ಕೂಡಿದರೆ ಹುಟ್ಟುವ ವಸ್ತುವೂ ಮೃದುವಾಗಿರಬೇಕೆಂದು ಯಾರಾದರೂ ಊಹಿಸುವರು. ಆದರೆ ಒಂದು ಪರಮಾಣು ಸೀರಿಯಂ, ಒಂದು ಪರಮಾಣು ಗಂಧಕ ಎಂಬ ಪ್ರಮಾಣದಲ್ಲಿ ಕೂಡಿದಾಗ ಹುಟ್ಟುವ ಸಲ್ಫೈಡು ಕರಗುವುದು ಸುಮಾರು ೨೪೫೦ ಡಿಗ್ರಿಯಲ್ಲಿ! ಕಬ್ಬಿಣವು ೧೫೩೮ಕ್ಕೂ ಪ್ಲಾಟಿನಂ ೧೭೬೮ಕ್ಕೂ ಕರಗುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರ ನಡುವಣ ಬಂಧನವು ಎಷ್ಟು ಬಿಗಿಯಾದುದೆಂಬುದಕ್ಕೆ ಇದೇ ಸಾಕ್ಷಿ.

ಅಷ್ಟೇ ಅಲ್ಲ, ಈ ಎರಡೇ ಮೂಲವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿ ಮೂರು ಬಗೆಯ ಸಲ್ಫೈಡುಗಳಾಗುತ್ತವೆ. ಒಂದಕ್ಕೆ ಒಂದು ಪ್ರಮಾಣದ್ದು ಹಿತ್ತಾಳೆಯಂತೆ ಹೊಂಬಣ್ಣವಾಗಿ ಹೊಳೆಯುತ್ತದೆ. ಮೂರು ಸೀರಿಯಮ್ಮಿಗೆ ನಾಲ್ಕು ಗಂಧಕದ್ದು ಕಪ್ಪು. ಎರಡು ಸೀರಿಯಮ್ಮಿಗೆ ಮೂರು ಗಂಧಕದ್ದು, ತಕ್ಕ ರೂಪದಲ್ಲಿ ದೊರೆತಾಗ, ಕುಂಕುಮದಂಥ ಕೆಂಪು. ಒಂದೇ ತಂದೆತಾಯಿಗಳಿಗೆ ಹುಟ್ಟಿದ ಮೂವರಿಗೆ ಮೂರು ಬಣ್ಣ! ಇದು ಹೇಗೆ?

ಇದರ ಗುಟ್ಟು ಒಂದು ಸಾಮಾನ್ಯವಾದ ಲೆಕ್ಕದ ಪುಸ್ತಕದಲ್ಲಿದೆ. ಪ್ರತಿಯೊಂದು ಪರಮಾಣುವಿನ ಸುತ್ತಲೂ ಎಲೆಕ್ಟ್ರಾನುಗಳೆಂಬ ಋಣವಿದ್ಯುತ್ಕಣಗಳಿರುತ್ತವೆ. ಸಲ್ಫೈಡಿನಲ್ಲಿ ಸೀರಿಯಂ ಪರಮಾಣು ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಗಂಧಕದ ಪರಮಾಣು ಎರಡನ್ನು ತೆಗೆದುಕೊಳ್ಳುತ್ತದೆ. ಈಗ ಜಮಾಖರ್ಚು ನೋಡೋಣ. ಎರಡು ಸೀರಿಯಂ ಕೊಡುವುದು ಆರು, ಮೂರು ಗಂಧಕ ಕೊಳ್ಳುವುದು ಆರು. ಲೆಕ್ಕ ಸರಿಹೋಯಿತು, ಶಿಲ್ಕು ಸೊನ್ನೆ. ಮೂರು ಸೀರಿಯಂ ಕೊಡುವುದು ಒಂಬತ್ತು, ನಾಲ್ಕು ಗಂಧಕ ಕೊಳ್ಳುವುದು ಎಂಟು. ಒಂದು ಶಿಲ್ಕು ಉಳಿಯಿತು. ಒಂದು ಸೀರಿಯಂ ಕೊಡುವುದು ಮೂರು, ಒಂದು ಗಂಧಕ ಕೊಳ್ಳುವುದು ಎರಡು. ಇಲ್ಲಿ ಸೀರಿಯಮ್ಮೊಂದಕ್ಕೆ ಒಂದರಂತೆ ಶಿಲ್ಕು. ಹೀಗೆ ಉಳಿದ ಎಲೆಕ್ಟ್ರಾನು ಯಾರ ಮನೆಯದೂ ಅಲ್ಲದೆ ಹರಳಿನ ಉದ್ದಗಲಕ್ಕೆ ಅಲೆಯುತ್ತಿರುತ್ತದೆ. ಅಲೆಯುವ ಎಲೆಕ್ಟ್ರಾನುಗಳಿದ್ದರೆ ವಸ್ತುವು ವಿದ್ಯುತ್ತನ್ನು ಹರಿಸುತ್ತದೆ, ಲೋಹದಂತೆ ಹೊಳೆಯುತ್ತದೆ. ಆದುದರಿಂದಲೇ ಶಿಲ್ಕು ಹೆಚ್ಚಾಗಿರುವುದು ಹಿತ್ತಾಳೆಯಂತೆ ಮಿನುಗುವುದು, ಶಿಲ್ಕು ಸ್ವಲ್ಪವಿರುವುದು ಕಪ್ಪಾಗುವುದು, ಶಿಲ್ಕಿಲ್ಲದ್ದು ಲೋಹಗುಣವನ್ನು ಕಳೆದುಕೊಂಡು ಕೆಂಪಾಗುವುದು.

ಶಿಲ್ಕಿಲ್ಲದುದು ಕೆಂಪೇ ಏಕಾಗಬೇಕೆಂದು ಕೇಳಬಹುದು. ಮೂರನ್ನು ಕೊಟ್ಟ ಮೇಲೂ ಸೀರಿಯಮ್ಮಿನ ಒಳಮನೆಯಲ್ಲಿ ಒಂದು ಎಲೆಕ್ಟ್ರಾನು ಒಂಟಿಯಾಗಿ ಉಳಿದಿರುತ್ತದೆ. ಅದು ನೀಲಿ, ಹಸುರು, ಹಳದಿ ಬೆಳಕನ್ನು ನುಂಗಿ, ಆ ಬಲದಿಂದ ಹೊರಮನೆಗೆ ಹಾರುತ್ತದೆ. ಕೆಂಪು ಬೆಳಕಿಗೆ ಅದನ್ನು ಹಾರಿಸುವಷ್ಟು ಬಲವಿಲ್ಲ. ಆದುದರಿಂದ ಅದು ಮಾತ್ರ ನುಂಗಲ್ಪಡದೆ ನಮ್ಮ ಕಣ್ಣಿಗೆ ಮರಳಿ ಬರುತ್ತದೆ. ಪಕ್ಕದ ಮನೆಯ ಲ್ಯಾಂಥನಮ್ಮಿಗೆ ಈ ಒಂಟಿ ಎಲೆಕ್ಟ್ರಾನು ಇಲ್ಲ. ಅದರ ಇದೇ ಬಗೆಯ ಸಲ್ಫೈಡು ಕೆಂಪಲ್ಲ, ಹಳದಿ.

ಈಗ ಯುದ್ಧಕಾಲದ ಕಥೆಗೆ ಬರೋಣ. ೧೯೪೧ರ ಆರಂಭದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದ ವಿಶ್ವವಿದ್ಯಾನಿಲಯದಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಅವರ ಸಂಗಡಿಗರು ಪ್ಲುಟೋನಿಯಂ ಎಂಬ ಹೊಸ ಮೂಲವಸ್ತುವನ್ನು ಗುರುತಿಸಿದರು. ಅದರಿಂದ ಪರಮಾಣು ಬಾಂಬನ್ನು ಮಾಡಬಹುದೆಂಬ ಆಲೋಚನೆ ಬಲವಾದಂತೆ, ಆ ಲೋಹವನ್ನು ಕರಗಿಸಿ ಎರಕ ಹೊಯ್ಯುವ ಪ್ರಶ್ನೆ ಎದ್ದಿತು. ಆದರೆ ಇದ್ದ ಲೋಹವೆಷ್ಟು? ೧೯೪೩ರ ನವೆಂಬರಿನಲ್ಲಿ ಷಿಕಾಗೊ ನಗರದಲ್ಲಿ ಮೊತ್ತಮೊದಲು ತೆಗೆದ ಪ್ಲುಟೋನಿಯಂ ಲೋಹವು ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಸಣ್ಣ ಕಣ. ಅದು ಯಾವ ಕಾವಿನಲ್ಲಿ ಕರಗುವುದು, ಯಾವ ಪಾತ್ರೆಯನ್ನು ತಿನ್ನುವುದು ಎಂಬುದನ್ನು ಪರೀಕ್ಷೆ ಮಾಡಿ ತಿಳಿಯಲು ಲೋಹವೇ ಇರಲಿಲ್ಲ. ಲೋಹವು ಕೈಗೆ ಬರುವ ಮೊದಲೇ ಮೂಸೆಯನ್ನು ಸಿದ್ಧಮಾಡಿಡಬೇಕು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವ ಕೆಲಸ. ಆದರೆ ಇಲ್ಲಿ ಅದು ಗೇಲಿಯ ಮಾತಲ್ಲ, ಅನಿವಾರ್ಯವಾದ ಮಾತು.

ಇದರ ಮೇಲೆ ಇನ್ನೊಂದು ತೊಡಕು. ಪ್ಲುಟೋನಿಯಂ ತಾನೇ ತಾನಾಗಿ ಸದಾ ಆಲ್ಫಾ ಕಣಗಳನ್ನು ಎಸೆಯುತ್ತಿರುತ್ತದೆ. ಆ ಕಣಗಳು ಬೆರಿಲಿಯಂ, ಬೋರಾನ್, ಇಂಗಾಲ, ಆಮ್ಲಜನಕ ಮುಂತಾದ ಹಗುರವಾದ ಪರಮಾಣುಗಳಿಗೆ ಹೊಡೆದರೆ ಅವುಗಳಿಂದ ನ್ಯೂಟ್ರಾನುಗಳು ಹೊರಬೀಳಬಹುದು. ಹೊತ್ತಿಗೆ ಮುಂಚೆ ಬಂದ ನ್ಯೂಟ್ರಾನುಗಳು ಅಂದಿನ ಯೋಜನೆಯನ್ನೆಲ್ಲ ಕೆಡಿಸುವಂತಿದ್ದುವು. ಆದುದರಿಂದ ಲೋಹದಲ್ಲಿ ಹಗುರವಾದ ಮೂಲವಸ್ತುಗಳ ಸೋಂಕು ಲೇಶವೂ ಕೂಡದೆಂದು ಕಟ್ಟಪ್ಪಣೆಯಾಯಿತು. ಮೂಸೆಗಳು ಸಾಮಾನ್ಯವಾಗಿ ಆಮ್ಲಜನಕದ ಭಸ್ಮಗಳಿಂದಲೋ ಇಂಗಾಲದಿಂದಲೋ ಆದುವು. ಕರಗಿದ ಪ್ಲುಟೋನಿಯಂ ಇವುಗಳಿಂದ ಆಮ್ಲಜನಕವನ್ನೂ ಇಂಗಾಲವನ್ನೂ ಕಿತ್ತುಕೊಂಡುಬಿಟ್ಟರೆ ಗತಿಯೇನು?

ಈ ಹೊಣೆಯು ಬರ್ಕ್ಲಿಯಲ್ಲಿ ಪ್ರೊಫೆಸರ್ ಈಸ್ಟ್‌ಮನ್ನರ ತಂಡಕ್ಕೆ ಬಂದಿತು. ಅದರಲ್ಲಿ ಲಿಯೋ ಬ್ರೂಯರ್ ಎಂಬ ತರುಣರು ಮುಖ್ಯರು; ೧೯೧೯ರಲ್ಲಿ ಹುಟ್ಟಿದ ಅವರಿಗೆ ಆಗ ೨೫ ತುಂಬಿರಲಿಲ್ಲ. ಕಾಣದ ಲೋಹದ ಸ್ವಭಾವವನ್ನು ಅವರು ಲೆಕ್ಕದಿಂದ ಊಹಿಸಬೇಕಾಯಿತು. ಕರಗುವ ಕಾವು ಬಹಳ ಹೆಚ್ಚಾಗಿಯೇ ಇರಬಹುದೆಂದು, ಕೇಡಿನ ಕಡೆಯಿಂದಲೇ ಎಣಿಸಿ ಹೊರಟರು. ಪಾತ್ರೆಯ ಮೂಲವಸ್ತುಗಳು ತಮ್ಮತಮ್ಮೊಳಗೆ ಎಷ್ಟು ಬಿಗಿಯಾಗಿ ಹಿಡಿದುಕೊಂಡಿರಬೇಕೆಂದರೆ, ಹಸಿದ ಲೋಹವು ಎಷ್ಟು ಎಳೆದರೂ ಒಂದೂ ಸಡಿಲಬಾರದು. ಲೋಭಿಯ ಸೆರಗಿನ ಗಂಟನ್ನು ಬಿಚ್ಚಿಸಲು ಯಾರಿಂದ ತಾನೇ ಸಾಧ್ಯ? ಗಂಧಕವನ್ನು ಹಿಡಿದುಕೊಳ್ಳುವುದರಲ್ಲಿ ಸೀರಿಯಂ ಅಂಥ ಲೋಭಿ. ಮೇಲಾಗಿ ಗಂಧಕದ ಪರಮಾಣು ಆಮ್ಲಜನಕದ್ದರ ಎರಡರಷ್ಟು ಭಾರ. ಅದರ ನಡುಬೀಜದ ಧನವಿದ್ಯುತ್ತೂ ಎರಡರಷ್ಟು. ಆಲ್ಫಾ ಕಣವನ್ನು ಹತ್ತಿರ ಸುಳಿಯಗೊಡದೆ ಅದು ದೂರಕ್ಕೆ ತಳ್ಳುತ್ತದೆ.

ಮಾಡುವ ಕ್ರಮವು ಸುಲಭವಾದುದಲ್ಲ. ಮೊದಲು ಸೀರಿಯಂ ಭಸ್ಮವನ್ನು ಗ್ರಾಫೈಟಿನ ದೋಣಿಯಲ್ಲಿಟ್ಟು ಸಾವಿರಕ್ಕೆ ಮೀರಿದ ಡಿಗ್ರಿಗಳಿಗೆ ಕಾಸಿ, ಅದರ ಮೇಲೆ ಗಂಧಕಜಲಜನಕ ಅನಿಲವನ್ನು ಹಾಯಿಸುತ್ತಾರೆ. ಕೊಳೆತ ಮೊಟ್ಟೆಯ ನಾತವುಳ್ಳ ಈ ಅನಿಲವು ಘೋರವಾದ ವಿಷ. ಭಸ್ಮದ ಆಮ್ಲಜನಕವು ಒಂದೇ ಸಲಕ್ಕೆ ಬಿಟ್ಟುಹೋಗುವುದಿಲ್ಲ. ನಡುವೆ ಅರ್ಧ ಆಮ್ಲಜನಕ ಅರ್ಧ ಗಂಧಕದ ಒಂದು ಮಿಶ್ರ ಅವಸ್ಥೆಯನ್ನು ದಾಟಿ, ಕೊನೆಗೆ ಎರಡಕ್ಕೆ ಮೂರು ಪ್ರಮಾಣದ ಸಲ್ಫೈಡು ಆಗುತ್ತದೆ. ಇನ್ನೊಂದು ಕಡೆ ಸೀರಿಯಂ ಲೋಹಕ್ಕೆ ಜಲಜನಕವನ್ನು ಉಣಿಸಿದರೆ ಅದು ಹೈಡ್ರೈಡೆಂಬ ಪುಡಿಯಾಗುತ್ತದೆ. ಈ ಪುಡಿ ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುವಂಥದು. ಗಾಳಿಯಿಲ್ಲದ ಪೆಟ್ಟಿಗೆಯೊಳಗೇ ಕೆಲಸ. ಇವೆರಡನ್ನೂ ಲೆಕ್ಕಕ್ಕೆ ಸರಿಯಾಗಿ ಬೆರೆಸಿ ನಿರ್ವಾತದಲ್ಲಿ ಕಾಸಿದರೆ ಜಲಜನಕವು ಹೊರಟುಹೋಗಿ, ಒಂದಕ್ಕೆ ಒಂದು ಪ್ರಮಾಣದ ಹೊಂಬಣ್ಣದ ಸಲ್ಫೈಡು ಉಳಿಯುತ್ತದೆ. ಅದನ್ನು ನುಣ್ಣಗೆ ಅರೆದು, ಅಚ್ಚಿನಲ್ಲಿ ಒತ್ತಿ, ಮತ್ತೆ ನಿರ್ವಾತದಲ್ಲಿ ತೀವ್ರವಾದ ಕಾವಿನಿಂದ ಸುಟ್ಟರೆ ಮೂಸೆ ಸಿದ್ಧ. ನೋಡಿದವರು ಹಿತ್ತಾಳೆಯ ಬಟ್ಟಲೆನ್ನಬೇಕು. ಹಿತ್ತಾಳೆ ಕರಗಿ ಹರಿಯುವ ಕಾವಿನ ಎರಡರಷ್ಟನ್ನು ತಡೆಯುವ ಬಟ್ಟಲು! ಒಂದೇ ಕುಂದು: ಕಾದಿರುವಾಗ ಗಾಳಿ ಸೋಕಬಾರದು, ಸೋಕಿದರೆ ಆಮ್ಲಜನಕವು ಬಂದು ಕೆಡಿಸುತ್ತದೆ.

ಈ ಮೂಸೆಯಲ್ಲಿ ನಾನಾ ಲೋಹಗಳನ್ನು ಕರಗಿಸಿ ನೋಡಿದರು. ಇತರ ಪಾತ್ರೆಗಳನ್ನು ತಿಂದು ಹಾಕುವ ಲೋಹಗಳೂ ಇದರೊಳಗೆ ಸೌಮ್ಯವಾಗಿ ಕರಗಿ ನಿಂತುವು. ಆದರೆ ಒಂದು ಲೋಹ ಮಾತ್ರ ಮೂಸೆಯನ್ನು ಕೆಡಿಸಿತು. ಅದು ಯಾವುದು? ಯಾವ ಆಮ್ಲಕ್ಕೂ ಸುಲಭವಾಗಿ ಬಗ್ಗದ, ಪ್ರಯೋಗಶಾಲೆಗಳಲ್ಲಿ ಸಾಧುತ್ವಕ್ಕೆ ಹೆಸರಾದ ಪ್ಲಾಟಿನಂ! ಸೀರಿಯಮ್ಮಿಗೂ ಪ್ಲಾಟಿನಮ್ಮಿಗೂ ಎಂಥ ಒಲುಮೆಯೆಂದರೆ, ಗಂಧಕದ ಬಿಗಿಹಿಡಿತವನ್ನೂ ಬಿಡಿಸಿಕೊಂಡು ಸೀರಿಯಂ ಪ್ಲಾಟಿನಮ್ಮನ್ನು ಕೂಡಿತು. ಒರಟರೆಲ್ಲರೂ ಸುಮ್ಮನಿದ್ದು ಸಾಧುವೇ ಮನೆಮುರಿದಂತಾಯಿತು. ಈ ಅನಿರೀಕ್ಷಿತವಾದ ಸಂಗತಿಯನ್ನು ಬ್ರೂಯರ್ ಮರೆಯಲಿಲ್ಲ. ಮುಂದೆ ಬಹುಕಾಲ, ಕೆಲವು ಲೋಹಗಳ ಜೋಡಿಗಳು ಏಕೆ ಇಷ್ಟು ಬಲವಾಗಿ ಬೆಸೆಯುತ್ತವೆಂಬುದನ್ನು ಅವರು ವಿಚಾರಮಾಡಿ ಸಿದ್ಧಾಂತಗಳನ್ನು ಕಟ್ಟಿದರು. ಕೆಟ್ಟ ಮೂಸೆಯೂ ಪಾಠ ಹೇಳುತ್ತದೆಂಬುದಕ್ಕೆ ಇದು ನಿದರ್ಶನ.

ಇಷ್ಟೆಲ್ಲ ಶ್ರಮಪಟ್ಟು ಮಾಡಿದ ಮೂಸೆಗಳು ಲಾಸ್ ಆಲಮಾಸ್ ಎಂಬಲ್ಲಿದ್ದ ಗುಪ್ತ ಪ್ರಯೋಗಶಾಲೆಗೆ ಹೋದುವು. ಅಷ್ಟರಲ್ಲಿ ಎರಡು ಸಂಗತಿಗಳು ನಡೆದುವು. ಪ್ಲುಟೋನಿಯಂ ಸ್ವಲ್ಪ ಹೆಚ್ಚಾಗಿ ಸಿಕ್ಕಿ ಪರೀಕ್ಷೆ ನಡೆದಾಗ, ಅದು ಸುಮಾರು ೬೪೦ ಡಿಗ್ರಿಗೇ ಕರಗುವುದೆಂದು ತಿಳಿದುಬಂದಿತು. ಅಷ್ಟು ದೊಡ್ಡ ಕಾವಿನ ಭಯವೇ ಇರಲಿಲ್ಲ. ಎರಡನೆಯದಾಗಿ, ೧೯೪೪ರ ನಡುವಿನಲ್ಲಿ ಪ್ಲುಟೋನಿಯಂ ತನ್ನೊಳಗಿನಿಂದಲೇ ನ್ಯೂಟ್ರಾನುಗಳನ್ನು ಬಹಳವಾಗಿ ಹೊರಡಿಸುತ್ತದೆಂದು ಗೊತ್ತಾಗಿ, ಮೊದಲಿನ ಯೋಜನೆಯನ್ನು ಬಿಟ್ಟು ಬೇರೆ ವಿಧಾನವನ್ನು ಹಿಡಿಯಬೇಕಾಯಿತು; ಆ ವಿಧಾನಕ್ಕೆ ಲೋಹವು ಅಷ್ಟು ನಿಷ್ಕಳಂಕವಾಗಿರಬೇಕಾಗಿರಲಿಲ್ಲ. ಮ್ಯಾಗ್ನೀಸಿಯಂ ಭಸ್ಮದ ಸಾಧಾರಣ ಮೂಸೆಗಳೇ ಕೆಲಸಕ್ಕೆ ಬಹುಮಟ್ಟಿಗೆ ಸಾಕಾದುವು. ೧೯೪೫ನೆಯ ಆಗಸ್ಟ್ ೯ರಂದು ಆ ಲೋಹವು ನಾಗಸಾಕಿಯ ಮೇಲೆ ಬಿದ್ದು, ಹತ್ತಾರು ಸಾವಿರ ಜನರನ್ನು ಬಲಿತೆಗೆದುಕೊಂಡಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆ ತರುಣರು ಬುದ್ಧಿಯನ್ನೂ ನಿದ್ರೆಯನ್ನೂ ಧಾರೆಯೆರೆದು ಮಾಡಿದುದು ಒಂದು ನಿರ್ಮಲವಾದ ಪಾತ್ರೆ. ಅದನ್ನು ಮಾಡಿಸಿದುದು ಒಂದು ಸಂಹಾರದ ಉದ್ದೇಶ. ಪಾತ್ರೆಯು ಮುಖ್ಯಕಾರ್ಯಕ್ಕೆ ಅನಾವಶ್ಯಕವಾಯಿತೆಂಬ ಮಾತ್ರಕ್ಕೆ ಮಾಡಿದವರ ಹೊಣೆ ಕಳೆಯಿತೆಂದು ಹೇಳೋಣವೇ? ಅಥವಾ ಬರಿಯ ಮೂಸೆ ಮಾಡಿದವರಿಗೆ ಎರಕದ ಪಾಪವನ್ನು ಹೊರಿಸೋಣವೇ? ಎರಡೂ ಅತಿಯೆಂದು ನಮಗೆ ತೋರುತ್ತದೆ. ಜ್ಞಾನವನ್ನು ಸಂಪಾದಿಸಿದವನು ಅದನ್ನು ಯಾರ ಕೈಗೆ ಕೊಡುತ್ತಿದ್ದೇನೆಂಬುದನ್ನು ಕೇಳಿಕೊಳ್ಳಬೇಕು. ಆ ಪ್ರಶ್ನೆಯಿಂದ ಯಾವ ವಿಜ್ಞಾನಿಗೂ ಬಿಡುಗಡೆಯಿಲ್ಲ. ಇಷ್ಟು ಮಾತ್ರ ನಿಜ. ಯುದ್ಧಕಾಲದಲ್ಲಿ ಬೀಗಹಾಕಿಟ್ಟಿದ್ದ ಈ ಶೋಧನೆಯು ೧೯೫೦ರಲ್ಲಿ ಅಮೆರಿಕದ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿ ಎಲ್ಲರ ಸ್ವತ್ತಾಯಿತು. ಬೀಗ ತೆಗೆದ ವಿದ್ಯೆಗೆ ಬೇರೆ ಬದುಕು ಸಾಧ್ಯವಾಯಿತು. ಸೀರಿಯಂ ಗಂಧಕವನ್ನು ಬಿಡದೆ ಹಿಡಿಯುವ ಗುಣವನ್ನೇ ಉಕ್ಕಿನ ತಯಾರಕರು ಮುಂದೆ ಬಳಸಿಕೊಂಡರು. ಉಕ್ಕನ್ನು ಪೆಡಸು ಮಾಡುವ ಗಂಧಕದ ಮೇಲೆ ಸೀರಿಯಮ್ಮನ್ನು ಬಿಟ್ಟು ಹಿಡಿಸಿದರು.

ಇನ್ನು ಬಣ್ಣದ ಮಾತು. ಗಂಧಕದ ಬಣ್ಣಗಳ ಹಿಂದೆ ವಿಷವಿದೆಯೆಂದು ಮೊದಲೇ ಹೇಳಿದೆವಷ್ಟೆ. ಪಾದರಸದ ಇಂಗಲೀಕ, ಪಾಷಾಣದ ಹರಿತಾಳ ಇವುಗಳ ತರುವಾಯ ಬಂದುದು ಕ್ಯಾಡ್ಮಿಯಂ. ೧೮೧೭ರಲ್ಲಿ ಜರ್ಮನಿಯ ಸ್ಟ್ರೋಮೈಯರ್ ಎಂಬವನು ಔಷಧಕ್ಕಾಗಿ ಮಾರುತ್ತಿದ್ದ ಸತುವಿನ ಒಂದು ಸಂಯುಕ್ತವು ಶುದ್ಧವಾಗಿಲ್ಲವೆಂದು ಸಂದೇಹಪಟ್ಟು ಶೋಧಿಸುತ್ತಿದ್ದಾಗ ಈ ಲೋಹವನ್ನು ಕಂಡನು. ಇದರ ಸಲ್ಫೈಡು ಹೊಳೆಯುವ ಹಳದಿ; ಅದಕ್ಕೆ ಸೆಲೆನಿಯಂ ಬೆರೆಸುತ್ತ ಹೋದಂತೆ ಕಿತ್ತಳೆಯಾಗಿ, ಕಡೆಗೆ ಕಡುಗೆಂಪಾಗುತ್ತದೆ. ಚಿತ್ರಗಾರರಿಗೆ ಇದು ಪ್ರಿಯವಾಯಿತು. ಪ್ಲಾಸ್ಟಿಕ್ಕಿನ ಯುಗ ಬಂದ ಮೇಲಂತೂ ಇದರ ಬೆಲೆ ಇನ್ನೂ ಹೆಚ್ಚಿತು. ಏಕೆಂದರೆ, ಪ್ಲಾಸ್ಟಿಕ್ಕನ್ನು ಇನ್ನೂರು ಮುನ್ನೂರು ಡಿಗ್ರಿಗಳ ಕಾವಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯಬೇಕು. ಇಂಗಾಲಜನ್ಯವಾದ ಕೆಂಪುಗಳಲ್ಲಿ ಅನೇಕವು ಆ ಕಾವಿಗೆ ಸೀಯುತ್ತವೆ, ಇಲ್ಲವೆ ಬಿಸಿಲಿಗೆ ಮಾಸುತ್ತವೆ. ಕ್ಯಾಡ್ಮಿಯಮ್ಮಿನ ಕೆಂಪು ಎರಡಕ್ಕೂ ಜಗ್ಗುವುದಿಲ್ಲ.

ಆದರೆ ಕ್ಯಾಡ್ಮಿಯಂ ದೇಹವನ್ನು ಸೇರಿದರೆ ಬಿಟ್ಟುಹೋಗುವುದು ಬಹಳ ನಿಧಾನ. ಮೂತ್ರಪಿಂಡಗಳನ್ನು ಕೆಡಿಸಿ ಎಲುಬುಗಳನ್ನು ಸಡಿಲಿಸುತ್ತದೆ. ಜಪಾನಿನ ತೊಯಾಮ ಪ್ರಾಂತದಲ್ಲಿ ಜಿಂಜು ನದಿಯ ದಡದ ಹಳ್ಳಿಗಳಲ್ಲಿ, ವಯಸ್ಸಾದ ಹೆಂಗಸರಿಗೆ ವಿಶೇಷವಾಗಿ, ಮೈಯೆಲ್ಲ ಎಲುಬು ಮುರಿಯುವ ಒಂದು ಬೇನೆ ಹಬ್ಬಿತು. ನೋವಿನಿಂದ ಅವರು ಕೂಗುತ್ತಿದ್ದ ಮಾತೇ ಬೇನೆಯ ಹೆಸರಾಯಿತು: ‘ಇತಾಯಿ ಇತಾಯಿ’, ಎಂದರೆ ‘ನೋವು, ನೋವು’. ಮೇಲ್ಗಡೆಯ ಗಣಿಯಿಂದ ನದಿಗೆ ಹರಿದ ಕ್ಯಾಡ್ಮಿಯಂ ಬತ್ತದ ಗದ್ದೆಗಳನ್ನು ಸೇರಿದುದೇ ಇದಕ್ಕೆ ಕಾರಣವೆಂದು ೧೯೬೮ರಲ್ಲಿ ಜಪಾನ್ ಸರ್ಕಾರವು ಒಪ್ಪಿಕೊಂಡಿತು. ಈ ಕೇಡು ಬಣ್ಣದಿಂದ ಬಂದುದಲ್ಲ, ಗಣಿಯ ಕೊಳೆಯಿಂದ ಬಂದುದು. ನ್ಯಾಯವಾಗಿ ಇದನ್ನು ಹೇಳಬೇಕು. ಬಣ್ಣದೊಳಗಿನ ಕ್ಯಾಡ್ಮಿಯಂ ಸುಲಭವಾಗಿ ಕರಗಿ ಬರುವುದೂ ಇಲ್ಲ. ಆದರೆ ಬಣ್ಣದ ವಸ್ತು ಒಂದು ದಿನ ಮುರಿದು ತಿಪ್ಪೆಗೆ ಹೋಗುತ್ತದೆ, ಬೆಂಕಿಗೆ ಬೀಳುತ್ತದೆ. ಆಗ ಅದರೊಳಗಿನ ಲೋಹ ಎಲ್ಲಿಗೆ ಹೋಗುವುದು? ಈ ಭಯದಿಂದಲೇ ೧೯೯೧ರಲ್ಲಿ ಯೂರೋಪಿನ ದೇಶಗಳ ಒಕ್ಕೂಟವು ಅನೇಕ ಬಗ್ಗೆಯ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಕ್ಯಾಡ್ಮಿಯಂ ಬಣ್ಣಗಳಿಗೆ ಕಟ್ಟುಪಾಡು ಹಾಕಿತು.

ಆಗ ಕೆಂಪು ಸೀರಿಯಂ ಸಲ್ಫೈಡಿನ ನೆನಪಾಯಿತು. ಕಾವಿಗೆ ಹೆದರದು, ಬಿಸಿಲಿಗೆ ಮಾಸದು, ವಿಷಲೋಹವೂ ಅಲ್ಲ. ಫ್ರಾನ್ಸಿನ ರಸಾಯನಜ್ಞರು ಇದನ್ನು ಕೈಗೆತ್ತಿಕೊಂಡು ೧೯೯೦ರ ದಶಕದಲ್ಲಿ ಬಣ್ಣವಾಗಿ ಮಾರುಕಟ್ಟೆಗೆ ತಂದರು. ಆದರೆ ಇಲ್ಲೊಂದು ಮುಳ್ಳಿತ್ತು. ಎರಡಕ್ಕೆ ಮೂರು ಪ್ರಮಾಣದ ಈ ಸಲ್ಫೈಡಿಗೆ ಮೂರು ರೂಪಗಳುಂಟು. ಕಡಿಮೆ ಕಾವಿನಲ್ಲಿ ಆಗುವುದು ಕಂದುಗಪ್ಪು, ನಡುವಿನದು ಮಾಸಲು ಕೆಂಪು. ಬೇಕಾದ ಉಜ್ವಲವಾದ ಕೆಂಪು ಬಹು ಹೆಚ್ಚಿನ ಕಾವಿನಲ್ಲಿ ಮಾತ್ರ ಹುಟ್ಟುತ್ತದೆ. ಅಷ್ಟು ಕಾಸಿದರೆ ಖರ್ಚು ಹೆಚ್ಚು. ಕಣಗಳು ದಪ್ಪನಾಗಿ ಬಣ್ಣಕ್ಕೆ ಬಾರದಂತಾಗುತ್ತವೆ.

ಇದರ ಪರಿಹಾರವು ಹರಳಿನ ರಚನೆಯಲ್ಲಿಯೇ ಅಡಗಿತ್ತು. ಕೆಂಪು ರೂಪದ ಹರಳನ್ನು ಒಂದು ಸಭೆಯೆಂದು ಭಾವಿಸಿದರೆ, ಅದರಲ್ಲಿ ಲೋಹಕ್ಕೆಂದು ಹಾಕಿರುವ ಒಂಬತ್ತು ಪೀಠಗಳಲ್ಲಿ ಎಂಟರಲ್ಲಿ ಮಾತ್ರ ಸೀರಿಯಂ ಕುಳಿತಿರುತ್ತದೆ. ಒಂದು ಪೀಠ ಖಾಲಿ. ಆ ಒಂಬತ್ತನೆಯ ಪೀಠದಲ್ಲಿಯೂ ಸೀರಿಯಮ್ಮೇ ಬಂದು ಕುಳಿತರೆ ಅದು ಮೂರಕ್ಕೆ ನಾಲ್ಕು ಪ್ರಮಾಣದ ಸಲ್ಫೈಡಾಗುತ್ತದೆ. ಲೆಕ್ಕದಲ್ಲಿ ಶಿಲ್ಕು ಉಳಿದು, ಕೆಂಪೆಲ್ಲ ಕಪ್ಪಾಗುತ್ತದೆ. ಪೀಠವನ್ನು ಖಾಲಿ ಬಿಟ್ಟರೆ, ಕಾವು ಇಳಿದಾಗ ಸಭೆಯೇ ಚದರಿ ಬೇರೆ ರೂಪಕ್ಕೆ ಹೋಗಲು ನೋಡುತ್ತದೆ. ಆದುದರಿಂದ ಈ ಖಾಲಿ ಪೀಠಗಳಲ್ಲಿ, ಲೆಕ್ಕ ತಪ್ಪದಂತೆ, ಸೋಡಿಯಂ ಪರಮಾಣುಗಳನ್ನು ಕೂರಿಸಿದರು. ಉಪ್ಪಿನಲ್ಲಿರುವ ಅದೇ ಸೋಡಿಯಂ. ಸಭೆ ನೆಲೆನಿಂತಿತು, ಕೆಂಪು ರೂಪವು ನೂರಾರು ಡಿಗ್ರಿ ಕಡಿಮೆ ಕಾವಿನಲ್ಲಿಯೇ ಸಿದ್ಧಿಸಿತು. ಲ್ಯಾಂಥನಮ್ಮನ್ನು ಬೆರೆಸಿದಂತೆಲ್ಲ ಕೆಂಪು ಕಿತ್ತಳೆಯ ಕಡೆಗೆ ತಿರುಗುತ್ತದೆ. ಹೀಗೆ ಬಣ್ಣದ ಛಾಯೆಯನ್ನು ಹದಮಾಡಬಹುದು. ಸುಮಾರು ೩೫೦ ಡಿಗ್ರಿಯವರೆಗೆ ಇದು ಕೆಡುವುದಿಲ್ಲವಾದುದರಿಂದ ಪ್ಲಾಸ್ಟಿಕ್ಕಿನ ಅಚ್ಚಿಗೆ ಇಷ್ಟು ಸಾಕು.

ಇದು ನಿರ್ದೋಷವಾದ ವಸ್ತುವೆಂದು ಹೊಗಳಿ ಮುಗಿಸುವುದು ಸತ್ಯಕ್ಕೆ ಅಪಚಾರವಾದೀತು. ಆಮ್ಲವು ತಾಕಿದರೆ, ತೇವದ ಗಾಳಿಯಲ್ಲಿ ಬಹುಕಾಲವಿದ್ದರೆ, ಇದು ಮೆಲ್ಲಮೆಲ್ಲನೆ ಗಂಧಕಜಲಜನಕವನ್ನು ಬಿಡುತ್ತದೆ. ಅದನ್ನು ತಡೆಯಲು ಕಣಗಳಿಗೆ ಸಿಲಿಕದಂಥ ತೆಳುವಾದ ಕವಚವನ್ನು ತೊಡಿಸಬೇಕಾಗುತ್ತದೆ. ಬೆಲೆಯೂ ಹೆಚ್ಚು, ಕಬ್ಬಿಣದ ಕೆಮ್ಮಣ್ಣಿಗೆ ಇದು ಎಂದಿಗೂ ಸರಿಸಾಟಿಯಾಗಿ ಅಗ್ಗವಾಗಲಾರದು. ಮಾಡುವಾಗ ವಿಷಾನಿಲಗಳನ್ನು ಬಳಸುವುದರಿಂದ ಕೆಲಸಗಾರರ ಪ್ರಾಣವನ್ನು ಕಾಯುವ ಹೊಣೆ ಕಾರ್ಖಾನೆಯ ಮೇಲಿದೆ. ಅದುರು ಮೊನಜೈಟಾದರೆ ಅದರ ಸಂಗಡ ವಿಕಿರಣವುಳ್ಳ ಥೋರಿಯಂ ಬರುತ್ತದೆ. ಅದನ್ನು ಜೋಪಾನವಾಗಿ ಇಡಬೇಕು. ಕೊಳ್ಳುವವನ ಮನೆಯಲ್ಲಿ ವಿಷವಿಲ್ಲದಂತೆ ಮಾಡಿ, ಮಾಡುವವನ ಮನೆಯಲ್ಲಿ ವಿಷವನ್ನು ಸುರಿದರೆ ಅದು ಧರ್ಮವಲ್ಲ. ವಿಷದ ಲೆಕ್ಕಕ್ಕೂ ಜಮಾಖರ್ಚಿನ ಪುಸ್ತಕ ಒಂದೇ ಆಗಿರಬೇಕು. ಶಿಲ್ಕನ್ನು ಬೇರೆ ಊರಿನ ಹೆಸರಿಗೆ ಬರೆದು ನಮ್ಮ ಪುಟವನ್ನು ಶುದ್ಧವಾಗಿ ತೋರಿಸಲಾಗದು.

ಶ್ರೋತೃಗಳೇ, ಎರಡೇ ಮೂಲವಸ್ತುಗಳ ಕಥೆಯನ್ನು ಇಂದು ಕೇಳಿದಿರಿ. ಒಂದು ಎಲೆಕ್ಟ್ರಾನು ಹೆಚ್ಚಾದರೆ ಹೊಂಬಣ್ಣದ ಮೂಸೆ, ಲೆಕ್ಕ ಸರಿಯಾದರೆ ಕುಂಕುಮದ ಕೆಂಪು. ಮೂಸೆಯನ್ನು ಮಾಡಿಸಿದುದು ಯುದ್ಧ. ಬಣ್ಣವನ್ನು ಮಾಡಿಸಿದುದು, ಮಗುವಿನ ಕೈಯ ಆಟದ ಸಾಮಾನಿನಲ್ಲಿ ವಿಷವಿರಬಾರದೆಂಬ ಕಾಳಜಿ. ವಸ್ತುವಿನ ಸ್ವಭಾವ ಎರಡು ಕಡೆಯೂ ಒಂದೇ. ಕೇಳಿದ ಪ್ರಶ್ನೆ ಮಾತ್ರ ಬೇರೆ. ಇನ್ನು ಮುಂದೆ ಅಕ್ಕಸಾಲಿಯ ಅಂಗಡಿಗೆ ಹೋದಾಗ, ಕರಗಿದ ಚಿನ್ನವನ್ನು ನೋಡಿದ ಮೇಲೆ ಅದನ್ನು ಹಿಡಿದಿರುವ ಮೂಸೆಯ ಕಡೆಗೂ ತಾವು ಒಮ್ಮೆ ಕಣ್ಣುಹಾಯಿಸಿದರೆ ನಮ್ಮ ಈ ಮಾತು ಸಾರ್ಥಕ.